ಹೃದಯಾಘಾತದ ತರುವಾಯದ ಆಯುರ್ನಿರ್ಣಯ: ಎರಡು ದಾಖಲೆಗಳ ವಿಮರ್ಶೆ

೧

ಇತಿಹಾಸಕಾರನು ಕಳೆದುದನ್ನು ಕುರಿತು ಬರೆಯತಕ್ಕವನು. ಮುಂದಾಗುವುದನ್ನು ನುಡಿಯುವುದು ಅವನ ಅಧಿಕಾರಕ್ಕೆ ಸೇರಿದುದಲ್ಲವೆಂಬುದು ರೂಢಿಯ ಮಾತು. ಆದರೆ ಹಿಂದಿನವರು ತಮ್ಮ ಮುಂದಿನದನ್ನು ಕುರಿತು ನುಡಿದ ಮಾತುಗಳು ನಮ್ಮ ಪಾಲಿಗೆ ಕಳೆದ ಸಂಗತಿಗಳೇ ಆಗಿವೆ. ಈ ಸಾರಿ ಬರಗಾಲ ತಪ್ಪದೆಂದು ಅಮಲ್ದಾರನು ಬರೆದ ವರದಿ, ಯುದ್ಧವು ಮಳೆಗಾಲಕ್ಕೆ ಮೊದಲೇ ಮುಗಿದೀತೆಂದು ಸೇನಾನಿಯು ಬರೆದ ಪತ್ರ, ರೋಗಿಯು ಇನ್ನಿಷ್ಟು ವರ್ಷ ಬಾಳಿಯಾನೆಂದು ವೈದ್ಯನು ಕೊಟ್ಟ ಹೇಳಿಕೆ, ಇವೆಲ್ಲವೂ ದಾಖಲೆಗಳೇ. ಇಂಥವನ್ನು ಓದುವಾಗ ನಮಗೊಂದು ವಿಶೇಷವಾದ ತೊಡಕುಂಟು. ಬರೆದವನಿಗೆ ತಿಳಿಯದಿದ್ದ ಮುಂದಿನ ಕಥೆ ನಮಗೆ ಮೊದಲೇ ತಿಳಿದಿರುತ್ತದೆ. ನುಡಿದುದು ನಡೆದಿದ್ದರೆ ಅವನನ್ನು ದೂರದರ್ಶಿಯೆಂದೂ, ನಡೆಯದಿದ್ದರೆ ಅವಿವೇಕಿಯೆಂದೂ ಕರೆದು ಮುಂದೆ ಸಾಗುವುದು ಸುಲಭ. ನಮ್ಮ ಪಠ್ಯಪುಸ್ತಕಗಳಲ್ಲಿ ಬಹುಮಟ್ಟಿಗೆ ನಡೆಯುವುದೂ ಇದೇ.

ಈ ಪದ್ಧತಿ ಸರಿಯಾದುದೆ ಎಂಬುದನ್ನು ವಿಚಾರಮಾಡುವುದು ಪ್ರಕೃತ ಲೇಖನದ ಉದ್ದೇಶ. ಅದಕ್ಕಾಗಿ ಹೃದಯಾಘಾತಕ್ಕೆ ಒಳಗಾದ ಇಬ್ಬರು ರೋಗಿಗಳ ಆಯುಸ್ಸನ್ನು ಕುರಿತ ಎರಡು ನಿರ್ಣಯಗಳನ್ನು ಆರಿಸಿಕೊಂಡಿದೆ. ಇಬ್ಬರೂ ಅಮೆರಿಕ ಸಂಯುಕ್ತ ಸಂಸ್ಥಾನಗಳ ಅಧ್ಯಕ್ಷರಾಗಿದ್ದವರು: ಡ್ವೈಟ್ ಐಸೆನ್‌ಹೋವರ್ ಮತ್ತು ಲಿಂಡನ್ ಜಾನ್ಸನ್. ಇಬ್ಬರಿಗೂ ಆಘಾತವಾದುದು ಒಂದೇ ವರ್ಷದಲ್ಲಿ, ಮೂರು ತಿಂಗಳೊಳಗೆ; ಜಾನ್ಸನರಿಗೆ ೧೯೫೫ರ ಜುಲೈ ೨ರಂದು, ಐಸೆನ್‌ಹೋವರರಿಗೆ ಅದೇ ವರ್ಷದ ಸೆಪ್ಟೆಂಬರ್ ೨೪ರಂದು. ಇಬ್ಬರ ವಿಷಯದಲ್ಲಿಯೂ ನುಡಿದ ಭವಿಷ್ಯವು ಅಕ್ಷರಶಃ ನಿಜವಾಯಿತೆಂದು ಹೇಳುವ ವಾಡಿಕೆಯಿದೆ. ಈ ‘ನಿಜವಾಯಿತು’ ಎಂಬ ಮಾತಿಗೆ ಅರ್ಥವೇನು? ಅದರಿಂದ ನಿರ್ಣಯದ ಯೋಗ್ಯತೆ ಸಿದ್ಧವಾಗುವುದೆ? ಸಿದ್ಧವಾಗದೆಂಬುದೇ ನಮ್ಮ ಅಭಿಪ್ರಾಯ. ನಿರ್ಣಯವನ್ನು ಅಳೆಯಬೇಕಾದ ಕೋಲು ಬೇರೆಯಾಗಿದೆ. ಆ ಕೋಲನ್ನು ಇತ್ತೀಚಿನ ವೈದ್ಯಶಾಸ್ತ್ರವೇ ನಮಗೆ ಒದಗಿಸಿಕೊಟ್ಟಿದೆ.

೨

ರೋಗದ ಗತಿಯನ್ನು ಮುಂಗಂಡು ಹೇಳುವುದು ವೈದ್ಯವೃತ್ತಿಯ ಅತ್ಯಂತ ಪ್ರಾಚೀನವಾದ ಅಂಗಗಳಲ್ಲೊಂದು. ಚರಕಸಂಹಿತೆಯು ರೋಗಗಳನ್ನು ಸಾಧ್ಯ, ಯಾಪ್ಯ, ಅಸಾಧ್ಯಗಳೆಂದು ವಿಂಗಡಿಸುತ್ತದೆ. ಯಾಪ್ಯವೆಂದರೆ ಬೇರುಸಹಿತ ಹೋಗದಿದ್ದರೂ ಪಥ್ಯ ಔಷಧಗಳಿಂದ ತಡೆಹಿಡಿದು ಕಾಲ ನೂಕಬಹುದಾದ ವ್ಯಾಧಿ. ಅಸಾಧ್ಯವಾದುದಕ್ಕೆ ಕೈಹಾಕಿದ ವೈದ್ಯನು ಧನವನ್ನೂ ಯಶಸ್ಸನ್ನೂ ಕಳೆದುಕೊಳ್ಳುವನೆಂದು ಅದೇ ಗ್ರಂಥವು ಎಚ್ಚರಿಸುತ್ತದೆ. ಗ್ರೀಕರ ಹಿಪ್ಪೊಕ್ರಟೀಸನ ಹೆಸರಿನಲ್ಲಿರುವ ಗ್ರಂಥಗಳಲ್ಲಿಯೂ ಇಂಥ ಮಾತುಂಟು. ಮುಂದಾಗುವುದನ್ನು ಮೊದಲೇ ಹೇಳಬಲ್ಲ ವೈದ್ಯನಲ್ಲಿ ಜನರು ವಿಶ್ವಾಸವಿಡುವರು, ರೋಗಿಯು ಸತ್ತರೂ ಅವನನ್ನು ದೂಷಿಸರು. ಇದರಿಂದ ಒಂದು ವಿಷಯ ಸ್ಪಷ್ಟವಾಗುತ್ತದೆ. ಆಯುರ್ನಿರ್ಣಯವು ಎಂದಿಗೂ ಬರಿಯ ಜ್ಞಾನವಾಗಿರಲಿಲ್ಲ. ಅದು ಯಾರದೋ ಪ್ರಯೋಜನಕ್ಕಾಗಿ ನುಡಿದ ಮಾತಾಗಿತ್ತು. ಆ ಪ್ರಯೋಜನ ಯಾರದು ಎಂದು ಕೇಳುವುದು ವಿಮರ್ಶೆಯ ಮೊದಲ ಹೆಜ್ಜೆ.

ಹೃದಯಾಘಾತದ ವಿಷಯದಲ್ಲಿ ಈ ಕಲೆಗೆ ಹೆಚ್ಚಿನ ವಯಸ್ಸಾಗಿಲ್ಲ. ಹೃದಯದ ಮಾಂಸಕ್ಕೆ ರಕ್ತವನ್ನೊದಗಿಸುವ ನಾಳವು ಹಠಾತ್ತಾಗಿ ಮುಚ್ಚಿಕೊಂಡರೆ ಮರಣವೇ ಗತಿಯೆಂಬುದು ಇಪ್ಪತ್ತನೆಯ ಶತಮಾನದ ಆರಂಭದಲ್ಲಿಯೂ ವೈದ್ಯರ ಸಾಮಾನ್ಯ ನಂಬಿಕೆಯಾಗಿತ್ತು. ಷಿಕಾಗೋ ನಗರದ ಜೇಮ್ಸ್ ಹೆರಿಕ್ ೧೯೧೨ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಹಾಗಲ್ಲವೆಂದು, ನಾಳ ಮುಚ್ಚಿದ ಮೇಲೆಯೂ ಬದುಕುವವರುಂಟೆಂದು ತೋರಿಸಿದನು. ಬದುಕುವವರುಂಟೆಂದಾಗ ಮಾತ್ರವೇ ‘ಎಷ್ಟು ಕಾಲ?’ ಎಂಬ ಪ್ರಶ್ನೆ ಹುಟ್ಟುವುದು. ಮುಂದೆ ಹಲವು ವರ್ಷಗಳ ಕಾಲ ವಾರಗಟ್ಟಲೆ ಹಾಸಿಗೆಯಲ್ಲಿ ಅಲುಗಾಡದೆ ಮಲಗಿರುವುದೇ ಚಿಕಿತ್ಸೆಯಾಗಿತ್ತು. ೧೯೫೨ರಲ್ಲಿ ಬೋಸ್ಟನ್ನಿನ ಸ್ಯಾಮ್ಯುಯೆಲ್ ಲೆವಿನ್ ಮತ್ತು ಬರ್ನಾರ್ಡ್ ಲೌನ್ ರೋಗಿಯನ್ನು ಬೇಗನೆ ಕುರ್ಚಿಯಲ್ಲಿ ಕುಳ್ಳಿರಿಸುವುದು ಮೇಲೆಂದು ವಾದಿಸಿದಾಗ ಅದು ದುಸ್ಸಾಹಸದಂತೆ ಹಲವರಿಗೆ ತೋರಿತು.

ದೀರ್ಘಕಾಲದ ಆಯುಸ್ಸನ್ನು ಕುರಿತು ಆ ಕಾಲದಲ್ಲಿದ್ದ ಉತ್ತಮ ಆಧಾರವು ಒಂದೇ ಊರಿನ ಇಬ್ಬರು ವೈದ್ಯರ ತಾಳ್ಮೆಯ ಫಲ. ಬೋಸ್ಟನ್ನಿನ ಎಡ್ವರ್ಡ್ ಬ್ಲಾಂಡ್ ಮತ್ತು ಪಾಲ್ ಡಡ್ಲಿ ವೈಟ್ ಎಂಬವರು ೧೯೨೦ರಿಂದ ೧೯೩೦ರ ವರೆಗೆ ತಾವು ಕಂಡ ೨೦೦ ಮಂದಿ ರೋಗಿಗಳ ಜಾಡನ್ನು ಬಿಡದೆ ಹಿಡಿದು, ಹತ್ತು ವರ್ಷಗಳ ತರುವಾಯದ ಸ್ಥಿತಿಯನ್ನು ೧೯೪೧ರಲ್ಲಿ ಪ್ರಕಟಿಸಿದರು. ಮೊದಲ ಕೆಲವು ವಾರಗಳ ಗಂಡವನ್ನು ದಾಟಿದವರಲ್ಲಿಯೂ ಹತ್ತು ವರ್ಷ ಬಾಳಿದವರು ಅರ್ಧಕ್ಕಿಂತ ಕಡಮೆ. ಇದೇ ೨೦೦ ಮಂದಿಯ ಇಪ್ಪತ್ತೈದು ವರ್ಷಗಳ ಪೂರ್ಣ ವರದಿಯು ೧೯೫೬ರಲ್ಲಿ ಹೊರಬಂದಿತು. ಈ ಇಸವಿಯನ್ನೂ ಪಾಲ್ ವೈಟರ ಹೆಸರನ್ನೂ ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕಾಗಿ ಕೋರಿಕೆ.

೩

೧೯೫೫ರ ಸೆಪ್ಟೆಂಬರಿನಲ್ಲಿ ಅಧ್ಯಕ್ಷ ಐಸೆನ್‌ಹೋವರ್ ಕೊಲೊರಾಡೊ ರಾಜ್ಯದ ಡೆನ್ವರ್ ನಗರದಲ್ಲಿ, ಪತ್ನಿಯ ತವರುಮನೆಯಲ್ಲಿ ವಿಶ್ರಮಿಸಿಕೊಳ್ಳುತ್ತಿದ್ದರು. ವಯಸ್ಸು ಅರವತ್ತನಾಲ್ಕು. ೨೪ನೆಯ ತಾರೀಖು ಶನಿವಾರ ನಸುಕಿನಲ್ಲಿ ಎದೆನೋವು ಕಾಣಿಸಿಕೊಂಡಿತು. ಅವರ ಖಾಸಾ ವೈದ್ಯ ಹೊವರ್ಡ್ ಸ್ನೈಡರ್ ಬಂದು ನೋಡಿದರು. ಬೆಳಿಗ್ಗೆ ಪತ್ರಿಕೆಯವರಿಗೆ ತಿಳಿಸಿದುದು ಅಜೀರ್ಣದ ತೊಂದರೆಯೆಂದು. ಮಧ್ಯಾಹ್ನ ಇ.ಸಿ.ಜಿ. ತೆಗೆದ ಬಳಿಕವೇ ಹೃದಯಾಘಾತವೆಂಬುದು ಹೊರಬಿದ್ದಿತು. ಅಧ್ಯಕ್ಷರನ್ನು ಫಿಟ್ಸ್‌ಸೈಮನ್ಸ್ ಸೈನಿಕ ಆಸ್ಪತ್ರೆಗೆ ಸಾಗಿಸಿದರು. ಸೋಮವಾರ ನ್ಯೂಯಾರ್ಕಿನ ಷೇರುಪೇಟೆಯ ಸೂಚ್ಯಂಕವು ನೂರಕ್ಕೆ ಆರಕ್ಕಿಂತ ಹೆಚ್ಚು ಕುಸಿಯಿತು. ಅದೇ ದಿನ ಬೋಸ್ಟನ್ನಿನಿಂದ ಕರೆಸಿದ್ದ ಪಾಲ್ ವೈಟ್ ಪತ್ರಿಕಾಪ್ರತಿನಿಧಿಗಳೆದುರು ನಿಂತು, ಹೃದಯದ ನಾಳ ಮುಚ್ಚಿಕೊಳ್ಳುವುದೆಂದರೇನು ಎಂಬುದನ್ನು ಪಾಠ ಹೇಳುವ ಉಪಾಧ್ಯಾಯರಂತೆ ಇಡೀ ದೇಶಕ್ಕೆ ವಿವರಿಸಿದರು. ಏಳು ವಾರಗಳ ಮೇಲೆ, ನವೆಂಬರ್ ೧೧ರಂದು, ಅಧ್ಯಕ್ಷರು ಆಸ್ಪತ್ರೆಯಿಂದ ಹೊರಬಂದರು.

ಮರುವರ್ಷವೇ ಚುನಾವಣೆ. ಅಧ್ಯಕ್ಷರು ಮತ್ತೆ ನಿಲ್ಲುವರೆ ಎಂಬುದು ದೇಶದ ಪ್ರಶ್ನೆಯಾಯಿತು. ೧೯೫೬ರ ಫೆಬ್ರವರಿ ೧೪ರಂದು ವೈಟರೂ ಅವರೊಡನಿದ್ದ ವೈದ್ಯರೂ ಪರೀಕ್ಷೆಯ ಫಲವನ್ನು ಪ್ರಕಟಿಸಿದರು. ವೈದ್ಯದೃಷ್ಟಿಯಿಂದ ನೋಡಿದರೆ ಅಧ್ಯಕ್ಷರು ಇನ್ನೂ ಐದರಿಂದ ಹತ್ತು ವರ್ಷಗಳ ಕಾಲ ಕಾರ್ಯಶೀಲವಾದ ಜೀವನವನ್ನು ತೃಪ್ತಿಕರವಾಗಿ ನಡಸಬಲ್ಲರೆಂಬ ಸಂಭವವಿದೆ. ಇದು ಆ ಹೇಳಿಕೆಯ ತಾತ್ಪರ್ಯ. ನಿಲ್ಲುವುದು ಬಿಡುವುದು ಅಧ್ಯಕ್ಷರಿಗೆ ಸೇರಿದ ವಿಷಯವೆಂದೂ ಅವರು ತಿಳಿಸಿದರು. ಹದಿನೈದು ದಿನಗಳ ಮೇಲೆ, ಫೆಬ್ರವರಿ ೨೯ರಂದು, ಐಸೆನ್‌ಹೋವರ್ ತಾವು ಅಭ್ಯರ್ಥಿಯೆಂದು ಸಾರಿದರು. ನವೆಂಬರಿನಲ್ಲಿ ಗೆದ್ದರು.

ಈಗ ಈ ಹೇಳಿಕೆಯನ್ನು ಒಂದು ಶಾಸನವನ್ನು ಓದುವಂತೆ ಓದೋಣ. ಮೊದಲನೆಯದಾಗಿ, ನುಡಿದವರು ಯಾರು? ಆ ದೇಶದಲ್ಲಿ ಈ ವಿಷಯದಲ್ಲಿ ಅತಿ ಹೆಚ್ಚು ಅನುಭವವಿದ್ದ, ಸ್ವತಃ ೨೦೦ ರೋಗಿಗಳ ಜೀವಿತವನ್ನು ಲೆಕ್ಕವಿಟ್ಟಿದ್ದ ವೈದ್ಯರು. ಆದುದರಿಂದ ಇದು ಅಜ್ಞಾನದ ಮಾತಲ್ಲ. ಎರಡನೆಯದಾಗಿ, ಕೇಳಿದವರು ಯಾರು? ರೋಗಿಯಲ್ಲ, ಅವನ ಮನೆಯವರಲ್ಲ, ಮತದಾರರು. ರೋಗಿಯ ಸಮಾಧಾನಕ್ಕಾಗಿ ಮಂಚದ ಬಳಿ ನುಡಿಯುವ ಮಾತನ್ನು ಒಂದು ರಾಷ್ಟ್ರದ ತೀರ್ಮಾನಕ್ಕೆ ಸಾಮಗ್ರಿಯಾಗಿ ನುಡಿಯಬೇಕಾಗಿ ಬಂದುದು ವೈದ್ಯಚರಿತ್ರೆಯಲ್ಲಿ ಹೊಸ ಸನ್ನಿವೇಶ.

ಮೂರನೆಯದಾಗಿ, ಪದಗಳನ್ನು ನೋಡಬೇಕು. ‘ಕಾರ್ಯಶೀಲವಾದ ಜೀವನ’ ಎಂದಿದೆಯಲ್ಲದೆ ‘ಅಧ್ಯಕ್ಷಪದವಿಯ ಭಾರ’ ಎಂದಿಲ್ಲ. ‘ಸಂಭವವಿದೆ’ ಎಂದಿದೆಯಲ್ಲದೆ ‘ಖಂಡಿತ’ ಎಂದಿಲ್ಲ. ‘ಐದರಿಂದ ಹತ್ತು ವರ್ಷ’ ಎಂಬ ಅವಧಿಯನ್ನು ಪಂಚಾಂಗವನ್ನು ಮುಂದಿಟ್ಟುಕೊಂಡು ಲೆಕ್ಕಹಾಕಿದರೆ ಒಂದು ವಿಷಯ ಹೊಳೆಯುತ್ತದೆ. ೧೯೫೬ರ ಫೆಬ್ರವರಿ ೧೪ರಿಂದ ಐದು ವರ್ಷ ಎಣಿಸಿದರೆ ೧೯೬೧ರ ಫೆಬ್ರವರಿ ೧೪ ಆಗುತ್ತದೆ. ಎರಡನೆಯ ಅಧಿಕಾರಾವಧಿಯು ಮುಗಿಯತಕ್ಕದ್ದು ೧೯೬೧ರ ಜನವರಿ ೨೦ರಂದು. ಎಂದರೆ ಆ ಅವಧಿಯ ಕೆಳಗಣ ಎಲ್ಲೆಯೇ ಅಧಿಕಾರಾವಧಿಯನ್ನು ಮೂರುನಾಲ್ಕು ವಾರಗಳ ಅಂತರದಿಂದ ದಾಟಿ ನಿಲ್ಲುತ್ತದೆ. ವೈದ್ಯರು ಇದನ್ನು ಉದ್ದೇಶಪೂರ್ವಕವಾಗಿ ಮಾಡಿದರೆಂದು ಆರೋಪಿಸಲು ಆಧಾರವಿಲ್ಲ; ಐದು, ಹತ್ತು ಎಂಬವು ಎಲ್ಲರ ಬಾಯಲ್ಲೂ ಬರುವ ದುಂಡುಸಂಖ್ಯೆಗಳು. ಆದರೆ ಕೇಳಿದವರು ಅದನ್ನು ಚುನಾವಣೆಯ ಅಳತೆಗೆ ಸರಿಯಾಗಿ ಕತ್ತರಿಸಿದ ಬಟ್ಟೆಯಂತೆ ತೊಟ್ಟುಕೊಂಡರೆಂಬುದರಲ್ಲಿ ಸಂದೇಹವಿಲ್ಲ.

ನಾಲ್ಕನೆಯದು ಬಹುಮುಖ್ಯ: ಹೇಳಿಕೆಯ ಮೌನ. ಇಂಥ ನೂರು ರೋಗಿಗಳಲ್ಲಿ ಎಷ್ಟು ಮಂದಿ ಹತ್ತು ವರ್ಷ ಬಾಳುವರು, ಎಷ್ಟು ಮಂದಿ ಬಾಳರು ಎಂಬುದನ್ನು ಅದು ಹೇಳುವುದಿಲ್ಲ. ವೈಟರಲ್ಲಿ ತಮ್ಮವೇ ಆದ ಅಂಕಿಗಳಿದ್ದುವು. ಅವು ಈ ಹೇಳಿಕೆಯಷ್ಟು ಆಶಾದಾಯಕವಾಗಿರಲಿಲ್ಲ. ನ್ಯಾಯವಾಗಿ ಹೇಳುವುದಾದರೆ, ಆ ಅಂಕಿಗಳನ್ನು ಬದಿಗಿಡಲು ಅವರಿಗೆ ಕಾರಣಗಳಿದ್ದುವು. ಅವು ೧೯೨೦ರ ದಶಕದ ರೋಗಿಗಳವು. ರಕ್ತ ಹೆಪ್ಪುಗಟ್ಟುವುದನ್ನು ತಡೆಯುವ ಔಷಧ ಆಗ ಇರಲಿಲ್ಲ, ಐಸೆನ್‌ಹೋವರರಿಗೆ ಅದು ದೊರೆಯಿತು. ಐದು ತಿಂಗಳ ಚೇತರಿಕೆಯನ್ನು ಕಣ್ಣಾರೆ ಕಂಡ ಮೇಲೆ ಕೊಟ್ಟ ನಿರ್ಣಯವು ಆಘಾತದ ದಿನದ ನಿರ್ಣಯಕ್ಕಿಂತ ಆಶಾದಾಯಕವಾಗಿರುವುದೂ ಸಹಜ. ಆದರೂ ಮತದಾರನಿಗೆ ಬೇಕಾಗಿದ್ದುದು ಅಪಾಯದ ಪ್ರಮಾಣ. ಅವನಿಗೆ ದೊರೆತುದು ಆಶೆಯ ಅವಧಿ.

೪

ಮುಂದೇನಾಯಿತು? ಐಸೆನ್‌ಹೋವರ್ ಅಧಿಕಾರಾವಧಿಯನ್ನು ಪೂರೈಸಿದರು. ೧೯೬೫ರ ನವೆಂಬರಿನಲ್ಲಿ, ಹೇಳಿಕೆಯ ಮೇಲಣ ಎಲ್ಲೆಯಾದ ಹತ್ತು ವರ್ಷ ತುಂಬಲು ಮೂರು ತಿಂಗಳಿರುವಾಗ, ಎರಡನೆಯ ಆಘಾತವಾಯಿತು. ೧೯೬೯ರ ಮಾರ್ಚ್ ೨೮ರಂದು, ಎಪ್ಪತ್ತೆಂಟನೆಯ ವಯಸ್ಸಿನಲ್ಲಿ, ಹೃದಯದ ದೌರ್ಬಲ್ಯದಿಂದ ತೀರಿಕೊಂಡರು. ವೈಟರ ಮಾತು ನಿಜವಾಯಿತೆಂದು ಹೇಳಲು ಇಷ್ಟು ಸಾಕೆಂದು ತೋರುತ್ತದೆ.

ಈ ರೋಗದ ಕಥೆಯನ್ನು ಸವಿಸ್ತಾರವಾಗಿ ಬರೆದವರು ಕ್ಲಾರೆನ್ಸ್ ಲ್ಯಾಸ್ಬಿ. ೧೯೯೭ರಲ್ಲಿ ಪ್ರಕಟವಾದ ಅವರ ಗ್ರಂಥವು ಶ್ರಮಸಾಧ್ಯವಾದುದು. ಮೊದಲ ದಿನದ ಅಜೀರ್ಣದ ಸುದ್ದಿಯ ಹಿಂದೆ ಸ್ನೈಡರರ ತಪ್ಪು ನಿದಾನವಿತ್ತೆಂದು, ಅದನ್ನು ಆಮೇಲೆ ಮರೆಮಾಚಲಾಯಿತೆಂದು ಅವರು ವಾದಿಸಿದ್ದಾರೆ. ದಾಖಲೆಗಳನ್ನು ಒಂದಕ್ಕೊಂದು ತಾಳೆನೋಡುವ ಅವರ ಕ್ರಮದಿಂದ ನಮ್ಮ ವಿದ್ಯಾರ್ಥಿಗಳು ಕಲಿಯಬೇಕಾದುದು ಬಹಳವಿದೆ. ಆದರೆ ಗ್ರಂಥದ ಉಪಶೀರ್ಷಿಕೆಯು ಐಸೆನ್‌ಹೋವರ್ ಹೃದ್ರೋಗವನ್ನು ಸೋಲಿಸಿ ಪದವಿಯನ್ನುಳಿಸಿಕೊಂಡ ಬಗೆಯನ್ನು ಹೇಳುವುದಾಗಿ ಸಾರುತ್ತದೆ. ಈ ‘ಸೋಲಿಸಿ’ ಎಂಬ ಪದವನ್ನು ನಾವು ಒಪ್ಪಲಾರೆವು. ಸೋಲಿಸಿದ ರೋಗದಿಂದಲೇ ಅವರು ಸತ್ತರು. ಚರಕನ ಪರಿಭಾಷೆಯಲ್ಲಿ ಹೇಳುವುದಾದರೆ ರೋಗವು ಯಾಪ್ಯವಾಗಿತ್ತು; ಪಥ್ಯ, ಔಷಧ, ವಿಶ್ರಾಂತಿಗಳಿಂದ ಹದಿಮೂರೂವರೆ ವರ್ಷ ಅದನ್ನು ತಡೆಹಿಡಿದರು. ‘ಸೋಲಿಸಿ’ ಎಂಬುದು ೧೯೬೧ರ ಜನವರಿಯಲ್ಲಿ ನಿಂತು ಹಿಂದಿರುಗಿ ನೋಡಿದವನ ಮಾತು. ಕಥೆಯನ್ನು ಎಲ್ಲಿ ಮುಗಿಸುವೆವೆಂಬುದನ್ನು ಅವಲಂಬಿಸಿ ಅದು ಗೆಲುವೂ ಆಗಬಹುದು, ಸೋಲೂ ಆಗಬಹುದು.

ಇನ್ನೆರಡು ಸಂಗತಿಗಳನ್ನು ಇಲ್ಲಿ ಸೇರಿಸಬೇಕು. ೧೯೫೭ರ ನವೆಂಬರ್ ೨೫ರಂದು ಅಧ್ಯಕ್ಷರಿಗೆ ಲಘುವಾದ ಪಾರ್ಶ್ವವಾಯು ತಗುಲಿ ಕೆಲಕಾಲ ಮಾತು ತಡವರಿಸಿತು. ಹೃದಯವನ್ನು ಕುರಿತು ಕೊಟ್ಟ ನಿರ್ಣಯದಲ್ಲಿ ಮೆದುಳಿನ ಮಾತಿರಲಿಲ್ಲ. ಎರಡನೆಯದಾಗಿ, ಮರಣಾನಂತರದ ಶವಪರೀಕ್ಷೆಯಲ್ಲಿ ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಯಲ್ಲಿ ಒಂದೂವರೆ ಸೆಂಟಿಮೀಟರಿನ ಗಂತಿಯೊಂದು ಕಂಡುಬಂದಿತು. ರಕ್ತದೊತ್ತಡವನ್ನು ಏರಿಸಬಲ್ಲ ಜಾತಿಯ ಗಂತಿ ಅದು. ಬದುಕಿರುವಾಗ ಅದನ್ನು ಯಾರೂ ಕಂಡಿರಲಿಲ್ಲ. ಹೀಗೆ ನಿರ್ಣಯವು ‘ನಿಜವಾದುದು’ ನಿರ್ಣಾಯಕರು ಗಣಿಸದಿದ್ದ ಕಾರಣಗಳ ನಡುವೆ. ನೂರು ಮಂದಿಯಲ್ಲಿ ಅರವತ್ತು ಮಂದಿ ಬಾಳುವ ಸಂಭವವಿದೆಯೆಂದಿಟ್ಟುಕೊಳ್ಳಿ. ಆಗ ಒಬ್ಬನು ಬಾಳಿದನೆಂಬುದರಿಂದ ಲೆಕ್ಕ ಸರಿಯೆಂದಾಗಲಿಲ್ಲ, ಸತ್ತಿದ್ದರೂ ತಪ್ಪೆಂದಾಗುತ್ತಿರಲಿಲ್ಲ. ಒಬ್ಬನ ಆಯುಸ್ಸು ಸಂಭವದ ಮಾತಿಗೆ ಸಾಕ್ಷಿಯಾಗಲಾರದು.

೫

ಜಾನ್ಸನರ ದಾಖಲೆಯ ಸ್ವರೂಪವೇ ಬೇರೆ. ೧೯೫೫ರ ಜುಲೈಯಲ್ಲಿ ಆಘಾತವಾದಾಗ ಅವರು ಸೆನೆಟ್ ಸಭೆಯಲ್ಲಿ ಬಹುಮತದ ಪಕ್ಷದ ನಾಯಕರು, ವಯಸ್ಸು ನಲವತ್ತಾರು. ಅತಿಯಾಗಿ ಸಿಗರೇಟು ಸೇದುತ್ತಿದ್ದವರು ಅಂದಿನಿಂದ ಬಿಟ್ಟರು. ೧೯೬೩ರ ನವೆಂಬರಿನಲ್ಲಿ ಕೆನೆಡಿಯವರ ಹತ್ಯೆಯಾದಾಗ ಉಪಾಧ್ಯಕ್ಷರಾಗಿದ್ದ ಅವರು ಅಧ್ಯಕ್ಷರಾದರು. ಅಂದಿನಿಂದ ೧೯೬೫ರ ಜನವರಿಯ ವರೆಗೆ ಆ ದೇಶಕ್ಕೆ ಉಪಾಧ್ಯಕ್ಷರೇ ಇರಲಿಲ್ಲ. ಹೃದಯಾಘಾತವಾಗಿದ್ದ ಒಬ್ಬರ ಮೇಲೆ ಹದಿನಾಲ್ಕು ತಿಂಗಳು ರಾಜ್ಯಭಾರ ನಿಂತಿತ್ತು. ೧೯೬೭ರ ಫೆಬ್ರವರಿಯಲ್ಲಿ ಜಾರಿಗೆ ಬಂದ ಸಂವಿಧಾನದ ಇಪ್ಪತ್ತೈದನೆಯ ತಿದ್ದುಪಡಿಯು ಅಧ್ಯಕ್ಷರು ಅಶಕ್ತರಾದಾಗ ನಡೆಯಬೇಕಾದ ಕ್ರಮವನ್ನೂ, ಉಪಾಧ್ಯಕ್ಷಸ್ಥಾನ ತೆರವಾದಾಗ ತುಂಬುವ ಬಗೆಯನ್ನೂ ಗೊತ್ತುಪಡಿಸಿತು. ಇದು ಗಮನಾರ್ಹ. ಆಯುರ್ನಿರ್ಣಯವು ಅನಿಶ್ಚಿತವೆಂಬುದಕ್ಕೆ ಶಾಸನಕರ್ತರು ಕೊಟ್ಟ ಉತ್ತರವೆಂದರೆ, ನಿರ್ಣಯ ತಪ್ಪಿದರೂ ಕೆಡದಂಥ ಏರ್ಪಾಡು.

ಅದೇ ೧೯೬೭ರಲ್ಲಿ ಜಾನ್ಸನ್ ತಮ್ಮ ಆಯುಸ್ಸನ್ನು ಕುರಿತು ಜೀವವಿಮೆಯ ಗಣಿತದ ರೀತಿಯಲ್ಲಿ ಗುಟ್ಟಾಗಿ ಲೆಕ್ಕ ಹಾಕಿಸಿದರೆಂದು, ಅರವತ್ತನಾಲ್ಕನೆಯ ವಯಸ್ಸಿನಲ್ಲಿ ಸಾಯುವರೆಂದು ಫಲ ಬಂದಿತೆಂದು ಅವರೇ ಹೇಳಿದುದುಂಟು. ಅವರ ತಂದೆ ಅರವತ್ತನೆಯ ವಯಸ್ಸಿನಲ್ಲಿ ತೀರಿಕೊಂಡಿದ್ದರು. ೧೯೬೮ರ ಮಾರ್ಚ್ ೩೧ರಂದು ತಾವು ಮತ್ತೆ ಚುನಾವಣೆಗೆ ನಿಲ್ಲುವುದಿಲ್ಲವೆಂದು ಜಾನ್ಸನ್ ಸಾರಿದರು. ವಿಯೆಟ್ನಾಂ ಯುದ್ಧವೂ ಸ್ವಪಕ್ಷದ ವಿರೋಧವೂ ಪ್ರಸಿದ್ಧವಾದ ಕಾರಣಗಳು. ಆರೋಗ್ಯವೂ ಒಂದು ಕಾರಣವೆಂದು ಅವರು ತಮ್ಮ ಆತ್ಮವೃತ್ತಾಂತದಲ್ಲಿ ಬರೆದಿದ್ದಾರೆ. ೧೯೭೩ರ ಜನವರಿ ೨೨ರಂದು ಅವರು ಹೃದಯಾಘಾತದಿಂದ ಸತ್ತರು. ವಯಸ್ಸು ಅರವತ್ತನಾಲ್ಕು. ನಿಂತು ಗೆದ್ದಿದ್ದರೆ ಅವರ ಅಧಿಕಾರಾವಧಿಯು ಮುಗಿಯುತ್ತಿದ್ದುದು ಅದಕ್ಕೆ ಎರಡು ದಿನ ಮೊದಲು.

ಓದಿದವರ ಮೈ ನವಿರೇಳಿಸುವ ವೃತ್ತಾಂತವಿದು. ಆದರೆ ಪ್ರಮಾಣಪರೀಕ್ಷೆ ಮಾಡುವವನು ನವಿರೆದ್ದ ಕೂಡಲೇ ನಿಲ್ಲಬೇಕು. ಲೆಕ್ಕದ ಸಂಗತಿ ನಮಗೆ ತಿಳಿಯುವುದು ಜಾನ್ಸನರೇ ಆಡಿದ ಮಾತಿನಿಂದ. ಆ ಮಾತು ಪತ್ರಕರ್ತರೊಬ್ಬರ ಲೇಖನದಲ್ಲಿ ಅಚ್ಚಾದುದು ೧೯೭೩ರ ಜುಲೈಯಲ್ಲಿ, ಎಂದರೆ ಫಲ ಸಿದ್ಧಿಸಿದ ಮೇಲೆ. ಪುರಾಣಗಳ ರಾಜವಂಶಾವಳಿಗಳು ಆಗಿಹೋದ ಅರಸರನ್ನು ‘ಆಗುವರು’ ಎಂದು ಭವಿಷ್ಯತ್ಕಾಲದಲ್ಲಿ ಹೇಳುತ್ತವೆ; ವಿದ್ಯಾರಣ್ಯರ ಹೆಸರಿನ ಕಾಲಜ್ಞಾನಗಳು ವಿಜಯನಗರದ ಕಥೆಯನ್ನು ಮುನ್ನುಡಿದಂತೆ ನಿರೂಪಿಸುತ್ತವೆ. ಅವುಗಳನ್ನು ಬಳಸುವಾಗ ನಾವು ಯಾವ ಎಚ್ಚರವನ್ನು ವಹಿಸುವೆವೋ ಅದೇ ಎಚ್ಚರ ಇಲ್ಲಿಯೂ ಸಲ್ಲುತ್ತದೆ. ಜಾನ್ಸನರು ಕಲ್ಪಿಸಿ ಹೇಳಿದರೆಂಬುದು ಇದರ ಅರ್ಥವಲ್ಲ. ನಿಜವಾದ ಭವಿಷ್ಯಗಳು ಮಾತ್ರ ನೆನಪಿನಲ್ಲುಳಿದು ಅಚ್ಚಾಗುತ್ತವೆ, ನಿಜವಾಗದವು ಮರೆತುಹೋಗುತ್ತವೆ ಎಂಬುದಷ್ಟೇ ಅರ್ಥ.

ಇನ್ನೂ ಒಂದು ಸೂಕ್ಷ್ಮವುಂಟು. ವಿಮೆಯ ಲೆಕ್ಕವು ಕೊಡುವ ವಯಸ್ಸು ಒಂದು ಸರಾಸರಿ. ಅಂಥ ಸಾವಿರ ಜನರಲ್ಲಿ ಕೆಲವರು ಐವತ್ತೆಂಟಕ್ಕೂ ಕೆಲವರು ಎಪ್ಪತ್ತೈದಕ್ಕೂ ಸಾಯುವರು. ಸರಾಸರಿಯ ವರ್ಷದಲ್ಲಿಯೇ ಸಾಯುವವರು ಸ್ವಲ್ಪವೇ ಮಂದಿ. ಮೇಲಾಗಿ ಜಾನ್ಸನ್ ೧೯೬೯ರ ಜನವರಿಯಲ್ಲಿ ಪದವಿಯನ್ನು ಬಿಟ್ಟ ಮೇಲೆ ಮತ್ತೆ ಸಿಗರೇಟು ಸೇದತೊಡಗಿದರು. ತನಗೆ ಅರವತ್ತನಾಲ್ಕೇ ವರ್ಷವೆಂದು ನಂಬಿದವನು ಪಥ್ಯವನ್ನು ಕೈಬಿಡುವುದು ಅಸಂಭವವಲ್ಲ. ವೈಟರ ನಿರ್ಣಯವಾದರೋ ಐಸೆನ್‌ಹೋವರರಿಗೆ ಪಥ್ಯವನ್ನು ಪಾಲಿಸಲು ಉತ್ಸಾಹ ಕೊಟ್ಟಿರಬಹುದು. ಹೀಗಾಗಿ ಆಯುರ್ನಿರ್ಣಯವು ಹವೆಯ ಮುನ್ಸೂಚನೆಯಂತಲ್ಲ. ಮಳೆ ಬಂದೀತೆಂಬ ಮಾತನ್ನು ಮೋಡ ಕೇಳಿಸಿಕೊಳ್ಳುವುದಿಲ್ಲ, ರೋಗಿ ಕೇಳಿಸಿಕೊಳ್ಳುತ್ತಾನೆ.

೬

ಹಾಗಾದರೆ ನಿರ್ಣಯವನ್ನು ಅಳೆಯುವುದು ಹೇಗೆ? ಇದಕ್ಕೆ ಉತ್ತರವನ್ನು ವೈದ್ಯರು ಒಬ್ಬ ರೋಗಿಯನ್ನು ಬಿಟ್ಟು ಸಮೂಹವನ್ನು ಹಿಡಿದು ಕಂಡುಕೊಂಡರು. ೧೯೬೭ರಲ್ಲಿ ಥಾಮಸ್ ಕಿಲಿಪ್ ಮತ್ತು ಜಾನ್ ಕಿಂಬಾಲ್ ೨೫೦ ರೋಗಿಗಳನ್ನು ಬರಿಯ ಕಣ್ಣು ಕಿವಿಗಳಿಂದ ತಿಳಿಯಬಹುದಾದ ಲಕ್ಷಣಗಳ ಮೇಲೆ ನಾಲ್ಕು ವರ್ಗಗಳಾಗಿ ವಿಂಗಡಿಸಿದರು. ಹೃದಯದ ದೌರ್ಬಲ್ಯದ ಚಿಹ್ನೆಯಿಲ್ಲದವರಲ್ಲಿ ಆಸ್ಪತ್ರೆಯಲ್ಲಿ ಸತ್ತವರು ನೂರಕ್ಕೆ ೬. ರಕ್ತದೊತ್ತಡ ಕುಸಿದು ಮೈ ತಣ್ಣಗಾದವರಲ್ಲಿ ನೂರಕ್ಕೆ ೮೧. ಆಸ್ಪತ್ರೆಯಿಂದ ಹೊರಬಂದ ಮೇಲಿನ ಕಾಲವನ್ನು ಕುರಿತು ೧೯೮೩ರಲ್ಲಿ ಅಮೆರಿಕದ ಹಲವು ಆಸ್ಪತ್ರೆಗಳು ಕೂಡಿ ೮೬೬ ರೋಗಿಗಳ ಅಧ್ಯಯನವನ್ನು ಪ್ರಕಟಿಸಿದುವು. ಹೃದಯವು ಬಡಿತಕ್ಕೊಮ್ಮೆ ಹೊರದೂಡುವ ರಕ್ತದ ಪಾಲು ತಗ್ಗಿರುವುದು, ಗಂಟೆಗೆ ಹತ್ತು ಅಥವಾ ಹೆಚ್ಚು ಲಯತಪ್ಪಿದ ಬಡಿತಗಳು, ಶ್ವಾಸಕೋಶದಲ್ಲಿ ನೀರಿನ ಸದ್ದು, ಆಘಾತಕ್ಕೆ ಮೊದಲೇ ಇದ್ದ ನಿಶ್ಶಕ್ತಿ, ಈ ನಾಲ್ಕೂ ಇಲ್ಲದವರಲ್ಲಿ ಎರಡು ವರ್ಷಗಳಲ್ಲಿ ಸತ್ತವರು ನೂರಕ್ಕೆ ೩. ನಾಲ್ಕೂ ಇದ್ದವರಲ್ಲಿ ೬೦. ೨೦೦೩ರಲ್ಲಿ ಬಂದ ‘ಗ್ರೇಸ್’ ಎಂಬ ಅಂಕಪದ್ಧತಿಯು ವಯಸ್ಸು, ನಾಡಿ, ರಕ್ತದೊತ್ತಡ ಮೊದಲಾದ ಎಂಟು ವಿಷಯಗಳಿ‌ಗೆ ಅಂಕಗಳನ್ನು ಕೊಟ್ಟು ಕೂಡುತ್ತದೆ. ಬಿಡುಗಡೆಯ ತರುವಾಯದ ಆರು ತಿಂಗಳಿಗೆ ಮರುವರ್ಷ ಇನ್ನೊಂದು ಪಟ್ಟಿ ಸಿದ್ಧವಾಯಿತು.

ಇಂಥ ಪದ್ಧತಿಗಳನ್ನು ಎರಡು ಬಗೆಯಿಂದ ಪರೀಕ್ಷಿಸುವರು. ನೂರಕ್ಕೆ ಇಪ್ಪತ್ತು ಎಂಬ ಅಪಾಯವನ್ನು ಯಾರಿಗೆಲ್ಲ ಹೇಳಿತ್ತೋ ಅವರಲ್ಲಿ ವಾಸ್ತವವಾಗಿ ಸುಮಾರು ಇಪ್ಪತ್ತು ಮಂದಿ ಸತ್ತರೆ? ಇದು ತಾಳೆಯ ಪರೀಕ್ಷೆ. ಸತ್ತವರಿಗೆ ಬದುಕಿದವರಿಗಿಂತ ಹೆಚ್ಚಿನ ಅಪಾಯವನ್ನು ಸೂಚಿಸಿತ್ತೆ? ಇದು ವಿಂಗಡಣೆಯ ಪರೀಕ್ಷೆ. ಎರಡೂ ನೂರಾರು ಜನರ ಮೇಲಷ್ಟೇ ನಡೆಯಬಲ್ಲವು. ವೈಟರ ಒಂದೇ ಹೇಳಿಕೆಯನ್ನಾಗಲಿ ಜಾನ್ಸನರ ಒಂದೇ ಸಂಖ್ಯೆಯನ್ನಾಗಲಿ ಇವುಗಳಿಗೆ ಒಡ್ಡಲು ಬರುವುದಿಲ್ಲ. ಆದುದರಿಂದ ಅವು ‘ನಿಜವಾದುವು’ ಎಂಬ ಮಾತು ಹೊಗಳಿಕೆಯೂ ಅಲ್ಲ, ಪ್ರಮಾಣವೂ ಅಲ್ಲ.

ಸಂಖ್ಯಾಪದ್ಧತಿಯಲ್ಲಿಯೂ ಅಪಾಯವಿಲ್ಲದಿಲ್ಲ. ಲಯತಪ್ಪಿದ ಬಡಿತವು ಮರಣದ ಮುನ್ಸೂಚಕವೆಂದು ತಿಳಿದ ಮೇಲೆ, ಅದನ್ನು ಔಷಧದಿಂದ ಅಡಗಿಸಿದರೆ ಮರಣವೂ ತಗ್ಗೀತೆಂದು ವೈದ್ಯರು ಊಹಿಸಿದರು. ಊಹೆ ಯುಕ್ತಿಯುಕ್ತವಾಗಿತ್ತು, ಔಷಧಗಳು ಬಳಕೆಯಲ್ಲಿಯೂ ಇದ್ದುವು. ಆದರೆ ೧೯೯೧ರಲ್ಲಿ ಪ್ರಕಟವಾದ ಪ್ರಯೋಗದ ಫಲ ಇದಕ್ಕೆ ತಿರುಗುಮುರುಗಾಗಿತ್ತು. ಎನ್‌ಕೈನೈಡ್ ಅಥವಾ ಫ್ಲೆಕೈನೈಡ್ ತೆಗೆದುಕೊಂಡ ೭೫೫ ಮಂದಿಯಲ್ಲಿ ೬೩ ಮಂದಿ ಸತ್ತಿದ್ದರು. ಔಷಧಗುಣವಿಲ್ಲದ ಗುಳಿಗೆಯನ್ನು ತೆಗೆದುಕೊಂಡ ೭೪೩ ಮಂದಿಯಲ್ಲಿ ೨೬ ಮಂದಿ. ಬಡಿತ ಅಡಗಿತು, ಸಾವು ಹೆಚ್ಚಿತು. ಸೂಚಕವು ಕಾರಣವಲ್ಲವೆಂಬ ಪಾಠವನ್ನು ಇದಕ್ಕಿಂತ ದುಬಾರಿಯಾದ ಬೆಲೆಗೆ ಕಲಿತ ಉದಾಹರಣೆ ವಿರಳ. ರಾಜ್ಯಗಳ ಪತನಕ್ಕೆ ಮುಂಚೆ ಕಾಣಿಸಿಕೊಂಡ ಲಕ್ಷಣಗಳನ್ನೆಲ್ಲ ಪತನದ ಕಾರಣಗಳೆಂದು ಪಟ್ಟಿಮಾಡಿ ಪರೀಕ್ಷೆಯಲ್ಲಿ ಬರೆಸುವ ನಾವು ಇದನ್ನು ಗಮನಿಸತಕ್ಕದ್ದು.

೭

ಕೊನೆಯದಾಗಿ ನಮ್ಮ ದೇಶದ ಮಾತು. ಗ್ರೇಸ್ ಪದ್ಧತಿಗೆ ಆಧಾರವಾದ ಹದಿನಾಲ್ಕು ದೇಶಗಳಲ್ಲಿ ಭಾರತವಿರಲಿಲ್ಲ. ಇಲ್ಲಿನ ರೋಗಿಗಳ ಗತಿಯನ್ನು ತಿಳಿಯಲು ಬೆಂಗಳೂರಿನ ಸೇಂಟ್ ಜಾನ್ಸ್ ಸಂಸ್ಥೆಯ ಸಂಶೋಧಕರ ಮುಂದಾಳುತನದಲ್ಲಿ ೫೦ ನಗರಗಳ ೮೯ ಆಸ್ಪತ್ರೆಗಳಿಂದ ೨೦,೪೬೮ ರೋಗಿಗಳ ವಿವರಗಳನ್ನು ಕಲೆಹಾಕಿ ೨೦೦೮ರಲ್ಲಿ ಪ್ರಕಟಿಸಲಾಯಿತು. ಇದು ಮೂವತ್ತು ದಿನಗಳ ಲೆಕ್ಕವಾದರೂ ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಿಸಿದೆ. ಬಡವರಲ್ಲಿ ಸತ್ತವರು ನೂರಕ್ಕೆ ೮.೨, ಶ್ರೀಮಂತರಲ್ಲಿ ೫.೫. ವಯಸ್ಸು, ರೋಗದ ತೀವ್ರತೆ ಮೊದಲಾದ ಭೇದಗಳನ್ನು ಲೆಕ್ಕಕ್ಕೆ ತೆಗೆದುಕೊಂಡರೂ ಈ ಅಂತರ ಹೋಗಲಿಲ್ಲ. ದೊರೆತ ಚಿಕಿತ್ಸೆಯ ಭೇದವನ್ನು ಲೆಕ್ಕಕ್ಕೆ ತೆಗೆದುಕೊಂಡಾಗ ಹೋಯಿತು.

ಈ ಒಂದು ವಾಕ್ಯದಲ್ಲಿ ಆಯುರ್ನಿರ್ಣಯದ ವಿಮರ್ಶೆಯೆಲ್ಲ ಅಡಗಿದೆಯೆನ್ನಬಹುದು. ಬಡತನವನ್ನೊಂದು ಅಂಕವೆಂದು ಪಟ್ಟಿಗೆ ಸೇರಿಸಿದರೆ ನಿರ್ಣಯ ಇನ್ನಷ್ಟು ತಾಳೆಯಾದೀತು. ‘ಬಡರೋಗಿಗೆ ಆಯುಸ್ಸು ಕಡಮೆ’ ಎಂಬ ಭವಿಷ್ಯ ಮತ್ತೆ ಮತ್ತೆ ನಿಜವಾದೀತು. ನಿಜವಾಗುತ್ತ ಹೋಗುವುದೇ ಇಲ್ಲಿ ದೋಷ. ಆ ಸಂಖ್ಯೆಯು ರೋಗಿಯ ಎದೆಯೊಳಗಿನದನ್ನು ಹೇಳುವುದಿಲ್ಲ, ಆಸ್ಪತ್ರೆಯ ಬಾಗಿಲಲ್ಲಿ ನಡೆದುದನ್ನು ಹೇಳುತ್ತದೆ. ಅದನ್ನು ವಿಧಿಯೆಂದು ಓದುವವನು ಕೈಕಟ್ಟಿ ಕೂರುವನು. ದಾಖಲೆಯೆಂದು ಓದುವವನು ಎಲ್ಲಿ ತಪ್ಪಿತೆಂದು ಹುಡುಕುವನು.

ಮೇಲಿನ ವಿವೇಚನೆಯಿಂದ ಇತಿಹಾಸದ ವಿದ್ಯಾರ್ಥಿಗೆ ಒದಗುವ ಪ್ರಶ್ನೆಗಳನ್ನು ಹೀಗೆ ಸಂಗ್ರಹಿಸಬಹುದು. ಭವಿಷ್ಯವನ್ನು ನುಡಿದ ದಾಖಲೆಯೊಂದು ಎದುರಾದಾಗ ಅದು ನಿಜವಾಯಿತೆ ಎಂದು ಮೊದಲು ಕೇಳಬಾರದು. ನುಡಿದವನಿಗೆ ಅಂದು ಏನು ತಿಳಿದಿತ್ತು, ತಿಳಿದುದರಲ್ಲಿ ಎಷ್ಟನ್ನು ಹೇಳಿದನು, ಯಾರ ಪ್ರಯೋಜನಕ್ಕಾಗಿ ಹೇಳಿದನು, ಕೇಳಿದವರು ಆ ಮಾತಿನಿಂದ ಏನು ಮಾಡಿದರು, ಇವನ್ನು ಕೇಳಬೇಕು. ಈ ದೃಷ್ಟಿಯಿಂದ ನೋಡಿದರೆ ೧೯೫೬ರ ಫೆಬ್ರವರಿಯ ಹೇಳಿಕೆಯು ಪ್ರಾಮಾಣಿಕವಾದುದೆಂದೂ, ಆದರೆ ಅಪೂರ್ಣವಾದುದೆಂದೂ ತೀರ್ಮಾನಿಸಬೇಕಾಗುತ್ತದೆ. ಐಸೆನ್‌ಹೋವರ್ ಮರುದಿನವೇ ತೀರಿಕೊಂಡಿದ್ದರೂ ಈ ತೀರ್ಮಾನವನ್ನು ಬದಲಿಸಬೇಕಾದ ಕಾರಣವಿರುತ್ತಿರಲಿಲ್ಲ.